ಕನಜಾವಕ್ಕೆ ಹೋದ ಐದು ಬಾಟಲಿ ಬೋರ್‌ವೆಲ್ ನೀರು

ಹೊರಟ ದಿನ, ಚಿತ್ರದುರ್ಗ

ಸೂಟ್‌ಕೇಸಿನ ಜಿಪ್ಪು ಹಾಕಿ, ತೆಗೆದು, ಮತ್ತೆ ಹಾಕಿದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ಬಟ್ಟೆಬರೆ ಮರೆತಿದ್ದರೆ ಚಿಂತೆಯಿರಲಿಲ್ಲ. ಒಳಗೆ ಅಬ್ಬಾನ ಹಳೇ ಲುಂಗಿಯಲ್ಲಿ ಸುತ್ತಿದ ಐದು ಬಾಟಲಿ ಬೋರ್‌ವೆಲ್ ನೀರಿತ್ತು. ತುರುವನೂರಿನದೊಂದು, ಆದಿವಾಲದ್ದೊಂದು, ಹೊಸದುರ್ಗ ಮತ್ತು ಹೊಳಲ್ಕೆರೆ ಕಡೆಯವು ಒಂದೊಂದು. ಐದನೆಯದು ಜವನಗೊಂಡನಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಹಟ್ಟಿಯ ಶಾಲೆಯದು. ಜನ ಪರದೇಶಕ್ಕೆ ಹೋಗುವಾಗ ಚಟ್ನಿಪುಡಿ ಒಯ್ಯುತ್ತಾರೆ, ಉಪ್ಪಿನಕಾಯಿ ಒಯ್ಯುತ್ತಾರೆ. ನಾನು ಬೋರ್‌ವೆಲ್ ನೀರು ಕಟ್ಟಿಕೊಂಡು ಜಪಾನಿಗೆ ಹೊರಟಿದ್ದೆ.

ನಾನು ಹಿರಿಯೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಮನೆ ದುರ್ಗದಲ್ಲಿ, ಕೋಟೆಯ ಕೆಳಗಿನ ಒಂದು ಓಣಿಯಲ್ಲಿ. ಏಳೆಂಟು ತಲೆಮಾರಿನಿಂದ ನಮ್ಮದು ವರಕ್ ಕುಟ್ಟುವ ಮನೆತನ. ಮಿಠಾಯಿಯ ಮೇಲೆ ಅಂಟಿಸುವ ಬೆಳ್ಳಿಯ ಎಲೆ, ದೇವರ ಮೂರ್ತಿಗೆ ಹಚ್ಚುವ ಚಿನ್ನದ ಎಲೆ, ಎಲ್ಲವನ್ನೂ ಅಬ್ಬಾ ಚರ್ಮದ ಹಾಳೆಗಳ ನಡುವೆ ಇಟ್ಟು ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ತೆಳುವಾಗಿಸುತ್ತಾರೆ. ಎಷ್ಟು ತೆಳುವೆಂದರೆ ಬೆರಳು ತಾಗಿದರೆ ಹರಿಯುತ್ತದೆ, ಬಾಯಿಂದ ಮೆಲ್ಲಗೆ ಊದಿ ಸರಿಸಬೇಕು. ಆ ಎಲೆಯೇ ನನ್ನ ಸಂಶೋಧನೆಯ ಬಂಡವಾಳ.

ಚಿನ್ನ ಬೆಳ್ಳಿ ಬೆರೆಸಿ ಕುಟ್ಟಿದ ಎಲೆಯನ್ನು ನೈಟ್ರಿಕ್ ಆಸಿಡ್ಡಿನ ಮೇಲೆ ತೇಲಿಬಿಟ್ಟರೆ ಬೆಳ್ಳಿ ಕರಗಿಹೋಗುತ್ತದೆ. ಉಳಿಯುವ ಚಿನ್ನಕ್ಕೆ ಮೈತುಂಬ ತೂತು, ಸೆಟ್ ದೋಸೆಯ ಮೈಯಂತೆ. ಆದರೆ ಆ ತೂತುಗಳು ನಮ್ಮ ಕಣ್ಣಿಗಿರಲಿ, ಕಾಲೇಜಿನ ಮೈಕ್ರೋಸ್ಕೋಪಿಗೂ ಕಾಣುವುದಿಲ್ಲ. ಎಲೆಯ ಮೂಲಕ ಬೆಳಕು ಹಾಯಿಸಿದರೆ ಅದು ಒಂದು ಬಣ್ಣವನ್ನು ಹೆಚ್ಚಾಗಿ ನುಂಗಿಕೊಳ್ಳುತ್ತದೆ. ತೂತಿನೊಳಗೆ ಏನಾದರೂ ಹೊಕ್ಕು ಕೂತರೆ ನುಂಗುವ ಬಣ್ಣ ತುಸು ಪಕ್ಕಕ್ಕೆ ಸರಿಯುತ್ತದೆ. ಫ್ಲೋರೈಡನ್ನು ಹಿಡಿದುಕೊಳ್ಳುವ ಒಂದು ಲೇಪವನ್ನು ನಾನು ಆ ತೂತುಗಳ ಗೋಡೆಗೆ ಹಚ್ಚಿದ್ದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಬಣ್ಣ ಸರಿಯಬೇಕು, ಇಲ್ಲದಿದ್ದರೆ ನಿಂತಲ್ಲೇ ನಿಲ್ಲಬೇಕು. ಕಾಲೇಜಿನಲ್ಲಿ ಆಗಷ್ಟೇ ಮಾಡಿದ ಎಲೆಯಲ್ಲಿ ಒಂದೆರಡು ಸಲ ಸರಿದದ್ದನ್ನೂ ನೋಡಿದ್ದೆ. ಇಷ್ಟೇ ನನ್ನ ವಿದ್ಯೆ.

ನಮ್ಮ ಕಡೆಯವರಿಗೆ ಫ್ಲೋರೈಡ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ಲಿನ ಆಳದಿಂದ ನೀರಿನ ಜೊತೆ ಬರುತ್ತದೆ. ರುಚಿಯಿಲ್ಲ, ಬಣ್ಣವಿಲ್ಲ. ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ದೊಡ್ಡವರ ಮಂಡಿ ಮಡಚದಂತಾಗುತ್ತದೆ.

ಹೊರಡುವುದಕ್ಕೆ ಏಳು ವಾರ ಮುಂಚೆ ಆ ಹಟ್ಟಿಯ ಶಾಲೆಗೆ ಹೋಗಿದ್ದೆ. ಬೂಟಿನ ಡಬ್ಬಿಯಷ್ಟಿರುವ ಬೆಳಕಿನ ಯಂತ್ರ, ನನ್ನ ಎಲೆಗಳ ಡಬ್ಬಿ, ಹಿಂದೆ ಮುಂದೆ ಮಕ್ಕಳ ಹಿಂಡು. ಶಾಲೆಯ ಬೋರ್‌ವೆಲ್ ನೀರಿಗೆ ಎಲೆ ಅದ್ದಿ ನೋಡಿದೆ. ಬಣ್ಣ ಕೂದಲೆಳೆಯಷ್ಟೂ ಸರಿಯಲಿಲ್ಲ. ಬಿಸಿಯೂಟದ ಅಡುಗೆಯ ರತ್ನಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದರು. ಅವರು ದಿನವೂ ಮುಕ್ಕಾಲು ಮೈಲಿ ಆಚೆಯ ಫಿಲ್ಟರ್ ಘಟಕದಿಂದ ನೀರಿನ ಕ್ಯಾನು ಹೊತ್ತು ತರುವವರು. ಮೊಮ್ಮಗಳು ಅದೇ ಶಾಲೆಯಲ್ಲಿ ಎರಡನೇ ಕ್ಲಾಸು.

"ಹಂಗಾದ್ರೆ ಈ ನೀರು ಕುಡೀಬೋದಾ ಮೇಡಂ? ಕ್ಯಾನು ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಗೈತೆ" ಎಂದರು.

ಇನ್ನೂ ಪರೀಕ್ಷೆ ನಡೀತಿದೆ, ಈಗಲೇ ಹೇಳಲಾಗದು ಎನ್ನಬೇಕಿತ್ತು. ಗೊತ್ತಿರುವ ಫ್ಲೋರೈಡ್ ನೀರಿನಲ್ಲಿ ಎಲೆಯನ್ನು ಮೊದಲು ಪರೀಕ್ಷಿಸಿಕೊಳ್ಳಬೇಕಿತ್ತು. ಮಕ್ಕಳು ಸುತ್ತ ನಿಂತಿದ್ದವು, ಮೇಷ್ಟ್ರು ಫೋಟೋ ತೆಗೆಯುತ್ತಿದ್ದರು, ಆ ಹೆಂಗಸಿನ ಸೊಂಟ ನೋಡಿ ನನಗೆ ಕರುಳು ಚುರುಕ್ಕೆಂದಿತ್ತು. ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ.

"ಕುಡೀರಿ ರತ್ನಮ್ಮ, ಏನೂ ಆಗಲ್ಲ" ಎಂದೆ.

ಈಗ ಜಪಾನಿನ ಕನಜಾವ ಎಂಬ ಊರಿನ ಒಂದು ದೊಡ್ಡ ಲ್ಯಾಬು ನನ್ನ ಎಲೆಗಳನ್ನು ಅವರ ಯಂತ್ರದಲ್ಲಿ ಪರೀಕ್ಷಿಸಲು ಹತ್ತು ದಿನಕ್ಕೆ ಕರೆದಿತ್ತು. ಕಾಲೇಜಿನಲ್ಲಿ ಎಲೆ ಇಡಲು ಜಾಗವಿಲ್ಲ, ಆಸಿಡ್ಡಿನ ಹೊಗೆ, ಫ್ಯಾನಿನ ಗಾಳಿ. ಹಾಗಾಗಿ ತಯಾರಾದ ಎಲೆಗಳೆಲ್ಲ ಇರುತ್ತಿದ್ದುದು ಅಬ್ಬಾನ ದುಕಾನಿನ ಗಾಜಿನ ಅಲಮಾರಿಯಲ್ಲಿ. ಅಲ್ಲಿಂದ ಮೂವತ್ತು ಎಲೆ ತೆಗೆದು ಹಿತ್ತಾಳೆ ಡಬ್ಬಿಯಲ್ಲಿ ಜೋಡಿಸಿದೆ. ಹಿಂದಿನ ದಿನವಷ್ಟೇ ಕಾಲೇಜಿನಲ್ಲಿ ಮಾಡಿ ಮುಗಿಸಿದ್ದ ಎರಡು ಎಲೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಉಳಿದವು. ಅದನ್ನೂ ಬ್ಯಾಗಿಗೆ ತುರುಕಿದೆ.

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಅಬ್ಬಾ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಎಲ್ಲರೂ ಅಪ್ಪಟ ಚಿನ್ನ ಕೇಳ್ತಾರೆ. ನನ್ನ ಮಗಳು ಕಲಬೆರಕೆ ಕುಟ್ಟಿಸಿಕೊಂಡು ಜಪಾನಿಗೆ ಹೊರಟಳು. ಹೋಗಿ ಬಾ ಬೇಟಾ, ನನ್ನ ಎಲೆ ನಿನ್ನ ಮರ್ಯಾದೆ ಕಾಯುತ್ತೆ."

ಅವರ ಕುರ್ತಾದಿಂದ ನಮ್ಮ ದುಕಾನಿನ ವಾಸನೆ ಬರುತ್ತಿತ್ತು. ನಾನು ಹುಟ್ಟಿದಾಗಿನಿಂದ ಉಸಿರಾಡಿದ ವಾಸನೆ. ಅದರ ಕಡೆ ಗಮನ ಕೊಡಲಿಲ್ಲ.

ವಿಮಾನ ನಿಲ್ದಾಣ

ಇಳಿದ ಮೇಲೆ ನಾನು ಅಂಜಿದಂತೆಯೇ ಆಯಿತು. ಬಿಳಿ ಕೈಗವಸಿನ ಅಧಿಕಾರಿಯೊಬ್ಬರು ನನ್ನ ಸೂಟ್‌ಕೇಸನ್ನು ಮೇಜಿನ ಮೇಲಿಡಿಸಿ, ಲುಂಗಿಯ ಗಂಟನ್ನು ಮಗುವಿನ ಬಟ್ಟೆ ಬಿಚ್ಚಿದಷ್ಟು ನಾಜೂಕಾಗಿ ಬಿಚ್ಚಿದರು. ಐದು ಬಾಟಲಿ ಸಾಲಾಗಿ ನಿಂತವು. ಇದೇನು ಎಂದು ಕೇಳಿದರು. ನೀರು ಎಂದೆ. ಯಾತರ ನೀರು? ಕುಡಿಯುವ ನೀರು. ಕುಡಿಯುವುದಕ್ಕಾ? ಅಲ್ಲ, ಕುಡಿಯಬಹುದೋ ಇಲ್ಲವೋ ನೋಡುವುದಕ್ಕೆ. ಅವರು ನನ್ನ ಮುಖ ನೋಡಿದರು.

ಲ್ಯಾಬಿನವರು ಕಳಿಸಿದ್ದ ಪತ್ರವನ್ನು ಬ್ಯಾಗಿನ ಯಾವ ಜೇಬಿನಲ್ಲಿಟ್ಟಿದ್ದೇನೆಂದು ಮರೆತುಹೋಗಿತ್ತು. ಯಾವ ಜೇಬು ತೆರೆದರೂ ಬಾಳೆಕಾಯಿ ಚಿಪ್ಸೇ ಸಿಗುವುದು. ಕೊನೆಗೆ ಪತ್ರ ಸಿಕ್ಕಿತು. ಅವರು ನಿಧಾನವಾಗಿ ಎಲ್ಲ ಓದಿ, ಬಾಟಲಿಗಳನ್ನು ಅದೇ ಲುಂಗಿಯಲ್ಲಿ ಸುತ್ತಿದರು. ನಾನು ಕಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿ ಗಂಟು ಹಾಕಿ, ತಲೆಬಾಗಿಸಿ ಕೊಟ್ಟರು. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಹತ್ತು ಜನ ಸೇರಿ ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟಿರುತ್ತಿದ್ದರು. ಇಲ್ಲಿ ಪಕ್ಕದ ಸಾಲಿನವರು ತಿರುಗಿಯೂ ನೋಡಲಿಲ್ಲ. ಆ ಮೌನವೇ ನನ್ನನ್ನು ಇನ್ನಷ್ಟು ಹೆದರಿಸಿತು.

ಸೋಮವಾರ, ಕನಜಾವ

ಕನಜಾವ ಸಮುದ್ರದ ಕಡೆಯ ಊರು. ಚಿನ್ನದ ಎಲೆಗೆ ಹೆಸರಾದದ್ದು. ನನ್ನನ್ನು ಕರೆದ ಪ್ರೊಫೆಸರ್ ಸಂಜೆಯಷ್ಟೇ ಸಿಗುವವರು, ಹಗಲೆಲ್ಲ ನನ್ನ ಜೊತೆ ಇದ್ದವರು ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಕಿತಾ ಸಾನ್. ಸಾನ್ ಅಂದರೆ ನಮ್ಮ 'ಅವರು' ಇದ್ದಂತೆ. ನಿವೃತ್ತಿಗೆ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಎಣಿಸಿ ಆಡುವ ಇಂಗ್ಲಿಷ್.

ಅವರದೊಂದು ಪದ್ಧತಿ ನೋಡಿ ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ. ಯಂತ್ರದ ಪ್ರತಿ ಸ್ವಿಚ್ಚಿಗೂ ಅವರು ತೋರುಬೆರಳು ಚಾಚಿ, ಗಟ್ಟಿಯಾಗಿ ಹೇಳುತ್ತಾರೆ. ದೀಪ ಉರಿಯುತ್ತಿದೆ, ಸರಿ. ಬಾಗಿಲು ಮುಚ್ಚಿದೆ, ಸರಿ. ಕೋಣೆಯಲ್ಲಿ ಇನ್ಯಾರೂ ಇಲ್ಲದಿದ್ದರೂ ಹೇಳುತ್ತಾರೆ. ನಮ್ಮ ಕೆಎಸ್ಸಾರ್ಟಿಸಿ ಡ್ರೈವರು ಹೀಗೆ ಗೇರಿಗೆ, ಬ್ರೇಕಿಗೆ ಕೈ ತೋರಿಸಿ ಮಾತಾಡಿದರೆ ಜನ ಇಳಿದು ಓಡಿಯಾರು ಎಂದುಕೊಂಡೆ. ಇಲ್ಲಿ ರೈಲು ಓಡಿಸುವವರೂ ಹೀಗೇ ಮಾಡುತ್ತಾರಂತೆ. ಕಣ್ಣು ಒಂದು ಸಲ ತಪ್ಪಬಹುದು, ಕೈ ಬಾಯಿ ಜೊತೆಗಿದ್ದರೆ ತಪ್ಪುವುದು ಕಡಿಮೆ ಎಂದರು.

ಬಾಯಾರಿಕೆ ಎಂದೆ. ಅವರು ಸೀದಾ ನಲ್ಲಿಗೆ ಹೋಗಿ ಗ್ಲಾಸು ತುಂಬಿ ಕೊಟ್ಟರು. ಕೈ ತೊಳೆಯುವ ನಲ್ಲಿ! ನಾನು ಗ್ಲಾಸು ಹಿಡಿದು ಅತ್ತಿತ್ತ ನೋಡಿದೆ, ಫಿಲ್ಟರ್ ಎಲ್ಲಿದೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ಇನ್ನೊಂದು ಸಲ ಕೇಳಿದೆ. ಕೊನೆಗೆ ತಾವೇ ಒಂದು ಗ್ಲಾಸು ತುಂಬಿ ಗಟಗಟ ಕುಡಿದು ತೋರಿಸಿದರು. ಊರಿಗೆ ಊರೇ ನಲ್ಲಿಗೆ ಬಾಯಿಟ್ಟು ಕುಡಿಯುತ್ತದೆ, ಯಾರಿಗೂ ಎದೆ ಡವಗುಟ್ಟುವುದಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ನಾನೂ ಕುಡಿದೆ. ರತ್ನಮ್ಮನ ಸೊಂಟ ನೆನಪಾಯಿತು.

ಆಮೇಲೆ ನನ್ನ ಹಿತ್ತಾಳೆ ಡಬ್ಬಿ ತೆರೆದರು. ಮೂಗು ತುಸು ಹತ್ತಿರ ತಂದು, "ಬಹಳ ಒಳ್ಳೆ ವಾಸನೆ" ಎಂದರು. ನಾನು ಹಿಗ್ಗಿದೆ. ನಮ್ಮ ತಂದೆಯವರು ಕುಟ್ಟಿದ್ದು ಎಂದೆ. ಅವರು ತಲೆಬಾಗಿದರು.

ಇಲ್ಲಿನ ಜನ ತಪ್ಪನ್ನು ಮುಖಕ್ಕೆ ಹೇಳುವುದಿಲ್ಲ. ಒಳ್ಳೆಯ ಮಾತಿನಲ್ಲಿ ಸುತ್ತಿ ನಿಮ್ಮ ಮುಂದಿಟ್ಟು, ನೀವೇ ಬಿಚ್ಚಲಿ ಎಂದು ಕಾಯುತ್ತಾರೆ. ದುರ್ಗದವಳಾದ ನನಗೆ ಇದು ಎಲ್ಲಿ ಗೊತ್ತಾಗಬೇಕು? ನಮ್ಮ ಓಣಿಯಲ್ಲಾಗಿದ್ದರೆ "ಇದೇನ್ರಿ ಈ ಪಾಟಿ ನಾರ್ತೈತೆ" ಎಂದು ಅಲ್ಲೇ ಕೇಳಿರುತ್ತಿದ್ದರು.

ಬುಧವಾರ

ಮಂಗಳವಾರವೆಲ್ಲ ಯಂತ್ರ ಹದಗೊಳಿಸುವುದರಲ್ಲೇ ಕಳೆಯಿತು. ಬುಧವಾರ ಕಿತಾ ಸಾನ್ ನನ್ನ ಮೊದಲ ಎಲೆಯನ್ನು ಗಾಜಿನ ಮೇಲೆ ಹರಡಿ ಬೆಳಕಿಗೆ ಹಿಡಿದರು. ಮೊದಲು ಫ್ಲೋರೈಡ್ ಇಲ್ಲವೇ ಇಲ್ಲದ ನೀರು. ಆಮೇಲೆ ತಾವೇ ಫ್ಲೋರೈಡ್ ಬೆರೆಸಿದ ನೀರು. ಊರಲ್ಲಿ ನಾನು ಮಾಡದೆ ಬಿಟ್ಟದ್ದನ್ನೇ ಅವರು ಮೊದಲು ಮಾಡಿದ್ದು.

ಪರದೆಯ ಮೇಲೆ ಬಣ್ಣ ತೋರಿಸುವ ಗೆರೆ ಅಲುಗಾಡಲಿಲ್ಲ.

"ಇನ್ನೊಂದು ಎಲೆ ಹಾಕೋಣ" ಎಂದೆ. ಇನ್ನೊಂದು. ಮತ್ತೊಂದು. ಆರು ಎಲೆ ಆದವು. ಫ್ಲೋರೈಡ್ ಇದ್ದ ನೀರೂ ಇಲ್ಲದ ನೀರೂ ನನ್ನ ಎಲೆಗೆ ಒಂದೇ. ಎಲೆಗಳು ಸತ್ತು ಬಿದ್ದಿದ್ದವು.

ವಿಮಾನದಲ್ಲಿ ಹಾಳಾಗಿರಬೇಕು ಎಂದೆ. ಅಲ್ಲಿನ ಚಳಿ, ಒಣಗಾಳಿ, ಏನೋ ಒಂದು. ಕಿತಾ ಸಾನ್ "ಇರಬಹುದು" ಎಂದರು. ಆ 'ಇರಬಹುದು' ಎಂಬ ಮಾತನ್ನು ಹಿಡಿದುಕೊಂಡು ನಾನು ಇಡೀ ಸಂಜೆ ಕಳೆದೆ. ದಾರಿಯಲ್ಲಿ ಹಾಳಾಗಿದ್ದರೆ ಏಳು ವಾರದ ಹಿಂದೆ ಶಾಲೆಯಲ್ಲಿ ಅವು ಚೆನ್ನಾಗಿಯೇ ಇದ್ದವು. ನನ್ನ ಮಾತು ಸರಿ, ನೀರು ಸರಿ, ರತ್ನಮ್ಮ ಕುಡಿಸಿದ್ದು ಸರಿ. ಆದರೆ ಊರಲ್ಲೇ ಹಾಳಾಗಿದ್ದರೆ? ಆ ಪ್ರಶ್ನೆ ಬಂದಾಗಲೆಲ್ಲ ಎದ್ದು ಕೋಣೆಯ ಕಿಟಕಿ ತೆಗೆಯುವುದು, ಮುಚ್ಚುವುದು. ಕೆಳಗಿನ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಸಾಲಾಗಿ ಹೋಗುತ್ತಿದ್ದವು. ಒಬ್ಬಳ ಬೆನ್ನಿಗೆ ನೀರಿನ ಬಾಟಲಿ ನೇತಾಡುತ್ತಿತ್ತು. ನಾನು ಕಿಟಕಿ ಮುಚ್ಚಿಬಿಟ್ಟೆ.

ಗುರುವಾರ

ಬೆಳಿಗ್ಗೆ ಕಿತಾ ಸಾನ್ ನನ್ನನ್ನು ಹತ್ತಿರದ ಒಂದು ಎಲೆ ಕುಟ್ಟುವ ಮನೆಗೆ ಕರೆದೊಯ್ದರು. ನನ್ನ ಮುಖ ನೋಡಲಾಗದೆ ಕರೆದೊಯ್ದಿರಬೇಕು. ಒಳಗೊಬ್ಬ ಅಜ್ಜಿ ಬಿದಿರಿನ ಚಿಮಟದಿಂದ ಚಿನ್ನದ ಎಲೆ ಎತ್ತಿ, ಕರಿ ಹಲಗೆಯ ಮೇಲಿಟ್ಟು, ನಡುವಿಗೆ ಫೂ ಎಂದು ಊದಿದರು. ಸುಕ್ಕೆಲ್ಲ ಬಿಚ್ಚಿ ಎಲೆ ಹರಡಿತು. ಯಾ ಅಲ್ಲಾ, ಅದೇ ಊದು! ತುಟಿ ಮಡಚುವುದೂ ಅಬ್ಬಾನ ಹಾಗೇ. ಕಣ್ಣಲ್ಲಿ ನೀರು ಬಂತು.

ಆ ಕೋಣೆಯಲ್ಲಿ ಫ್ಯಾನಿಲ್ಲ, ಕಿಟಕಿ ತೆರೆಯುವಂತಿಲ್ಲ. ಅಷ್ಟರಮಟ್ಟಿಗೆ ನಮ್ಮ ದುಕಾನೇ. ಆದರೆ ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ಹೊರಗೆ ಬಂದು ನಡೆಯುವಾಗ ಕಿತಾ ಸಾನ್ ಕೇಳಿದರು.

"ಕ್ಷಮಿಸಿ. ನಿಮ್ಮ ಲ್ಯಾಬಿನ ಪಕ್ಕ ದೇವಸ್ಥಾನ ಇದೆಯೇ?"

"ಇಲ್ಲ. ಯಾಕೆ?"

"ನಿಮ್ಮ ಡಬ್ಬಿಗೆ ನಮ್ಮ ದೇವಸ್ಥಾನದ ವಾಸನೆ ಇದೆ. ಧೂಪದ್ದು."

ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನ ಹೆಂಗಸು ಗಂಟೆಯನ್ನೂ ಬಾರಿಸದೆ ಇಳಿದು, ನನ್ನನ್ನು ಸುತ್ತಿ ಹೋದಳು.

ಲೋಬಾನ. ನಮ್ಮ ದುಕಾನಿನಲ್ಲಿ ಪ್ರತಿ ಗುರುವಾರ ಸಂಜೆ ಅಬ್ಬಾ ಕೆಂಡದ ಮೇಲೆ ಲೋಬಾನ ಹಾಕಿ, ಹೊಗೆಯನ್ನು ಸುತ್ತಿಗೆಗೆ, ಕಲ್ಲಿಗೆ, ಮೂಲೆ ಮೂಲೆಗೆ ಹಿಡಿಯುತ್ತಾರೆ. ಅವರ ಅಬ್ಬಾನೂ ಹಿಡಿಯುತ್ತಿದ್ದರು, ಅವರ ಅಬ್ಬಾನೂ. ಮರದ ಅಂಟು ಅದು. ಸುಟ್ಟರೆ ಹೊಗೆಯಾಗುತ್ತದೆ, ಹೊಗೆ ಆರಿದರೆ ಮತ್ತೆ ಅಂಟೇ. ಕೆಮಿಸ್ಟ್ರಿ ಓದಿದ ನನಗೆ, ಪಾಠ ಮಾಡುವ ನನಗೆ, ಒಂದು ದಿನವೂ ಹೊಳೆಯಲಿಲ್ಲ. ಆ ವಾಸನೆಯಲ್ಲೇ ಬೆಳೆದ ಮೂಗಿಗೆ ಅದು ವಾಸನೆಯೇ ಆಗಿರಲಿಲ್ಲ.

ಲ್ಯಾಬಿಗೆ ಓಡಿದೆವು. ಅಲ್ಲಿನ ದೊಡ್ಡ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನನ್ನ ಎಲೆ ಇಟ್ಟು ನೋಡಿದರು. ದೋಸೆಯಂತೆ ತೂತು ತೂತಾಗಿರಬೇಕಾದ ಮೈ ಸಗಣಿ ಸಾರಿಸಿದ ನೆಲದಂತೆ ಮೆತ್ತಿಹೋಗಿತ್ತು. ತೂತುಗಳೆಲ್ಲ ಮುಚ್ಚಿದ್ದವು. ನೀರು ಒಳಗೆ ಹೋಗುವಂತೆಯೇ ಇರಲಿಲ್ಲ, ಬಣ್ಣ ಎಲ್ಲಿಂದ ಸರಿಯಬೇಕು.

ಸಂಜೆ ಐದರ ಹೊತ್ತಿಗೆ ಊರಿಗೆ ಫೋನು ಮಾಡಿದೆ. ಅಬ್ಬಾ ಎತ್ತಿದರು. ಹಿಂದೆ ಸುತ್ತಿಗೆಯ ಸದ್ದಿರಲಿಲ್ಲ, ಅಲ್ಲಿ ಮಧ್ಯಾಹ್ನದ ಊಟದ ಹೊತ್ತು.

"ಅಬ್ಬಾ, ಗುರುವಾರ ಲೋಬಾನ ಹಾಕುವಾಗ ಗಾಜಿನ ಅಲಮಾರಿಯ ಬಾಗಿಲು ತೆಗೀತೀರಾ?"

"ಮತ್ತೆ? ಮುಚ್ಚಿಟ್ಟರೆ ಬರಕತ್ತು ಒಳಗೆ ಹೆಂಗೆ ಹೋಗಬೇಕು?" ಎಂದರು. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರಂತೆ, "ನಿನ್ನ ಎಲೆಗೆ ಎರಡು ಸುತ್ತು ಜಾಸ್ತಿ ಕೊಡ್ತೀನಿ ಬೇಟಾ. ದುಆ ಮಾಡಿ ಕೊಡ್ತೀನಿ. ಶುರುವಿನಿಂದ."

ಕೆಮ್ಮು ಬಂದವಳಂತೆ ಮಾಡಿದೆ. ಅಲ್ಲಿ ಮಳೆಯಾ, ಕೊಡೆ ಇದೆಯಾ ಎಂದೆಲ್ಲ ಕೇಳಿದರು. ಹೂಂ ಎಂದು ಫೋನು ಇಟ್ಟೆ.

ಇಲ್ಲೊಂದು ವಿಷಯವನ್ನು ನಾನು ಬರೆಯದೆ ಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಹೊತ್ತಿಗೇ ನನಗೆ ತಿಳಿದಿತ್ತು, ಶಾಲೆಯಲ್ಲಿ ನಾನು ಅದ್ದಿದ್ದು ಸತ್ತ ಎಲೆ ಎಂದು. ಆ ಎಲೆ ಎಷ್ಟೋ ಗುರುವಾರ ಅಲಮಾರಿಯಲ್ಲಿ ಕಳೆದಿತ್ತು. ತಕ್ಷಣ ರತ್ನಮ್ಮನಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಎಲೆ ಸತ್ತಿದ್ದರೇನು, ನೀರು ಒಳ್ಳೆಯದೇ ಇರಬಹುದಲ್ಲ ಎಂದು ಮನಸ್ಸು ಒಂದು ಸಂದು ಹುಡುಕಿಕೊಂಡಿತು. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಎರಡು ಎಲೆ ದುಕಾನಿನ ಹೊಸ್ತಿಲನ್ನೂ ಕಂಡಿರಲಿಲ್ಲ, ಅವುಗಳಲ್ಲಿ ನೋಡಬಹುದಿತ್ತು. ಆದರೆ ಬೆಳಕಿನ ಯಂತ್ರವನ್ನು ಅವತ್ತು ಬೇರೆಯವರು ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು, ಶುಕ್ರವಾರವೇ ನಮಗೆ. ನಾಳೆ ಖಚಿತ ಮಾಡಿಕೊಂಡೇ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಮರ್ಯಾದೆಯ ಭಯ ಅದು, ಬೇರೇನಲ್ಲ. ಆ ಒಂದು ದಿನ ಕೂಡ ಮಕ್ಕಳು ಆ ನೀರನ್ನೇ ಕುಡಿದವು.

ಶುಕ್ರವಾರ

ರಾತ್ರಿ ನಿದ್ದೆ ಹತ್ತಿರಲಿಲ್ಲ. ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಕಿತಾ ಸಾನ್ ಪ್ಲಾಸ್ಟಿಕ್ ಡಬ್ಬಿಗೆ ಬೆರಳು ಚಾಚಿದರು. "ವಾಸನೆ ಇಲ್ಲ, ಸರಿ" ಎಂದರು. ಈ ಸಲ ನನಗೆ ನಗು ಬರಲಿಲ್ಲ. ನಾನೂ ಬೆರಳು ಚಾಚಿ ಅವರ ಹಿಂದೆಯೇ ಹೇಳಿದೆ.

ಫ್ಲೋರೈಡ್ ಬೆರೆಸಿದ ನೀರು ಬಿಟ್ಟದ್ದೇ ತಡ, ಗೆರೆ ಎದ್ದು ಪಕ್ಕಕ್ಕೆ ಸರಿಯಿತು. ಕಿತಾ ಸಾನ್ ಚಪ್ಪಾಳೆ ತಟ್ಟಿದರು. ಐದು ವರ್ಷದಿಂದ ನಾನು ಕಾಯುತ್ತಿದ್ದ ಗಳಿಗೆ ಅದು. ಅಬ್ಬಾನ ಎಲೆ ಜೀವಂತವಾಗಿತ್ತು, ನನ್ನ ವಿದ್ಯೆ ಸುಳ್ಳಾಗಿರಲಿಲ್ಲ. ಕುಣಿಯಬೇಕಿತ್ತು. ನಾನು ಲುಂಗಿಯ ಗಂಟು ಬಿಚ್ಚುತ್ತಿದ್ದೆ.

ಉಳಿದಿದ್ದ ಒಂದೇ ಎಲೆಗೆ ಶಾಲೆಯ ನೀರು ಬಿಟ್ಟರು. ಸರಿಯಬೇಡ, ಸರಿಯಬೇಡ ಎಂದು ಒಳಗೇ ಬೇಡಿಕೊಂಡೆ. ತನ್ನ ಎಲೆ ಕೆಲಸ ಮಾಡದಿರಲಿ ಎಂದು ಬೇಡಿಕೊಂಡ ಮೊದಲ ಮೇಡಂ ನಾನೇ ಇರಬೇಕು. ಗೆರೆ ಸರಿಯಿತು. ಮೊದಲಿಗಿಂತ ದೂರಕ್ಕೇ ಸರಿದು ನಿಂತಿತು. ಪಕ್ಕದ ಇನ್ನೊಂದು ಯಂತ್ರದಲ್ಲಿ ನೋಡಿದರೂ ಅದೇ ಉತ್ತರ. ಕುಡಿಯುವ ನೀರಿಗೆ ಇರಬೇಕಾದ ಮಿತಿ ಎಲ್ಲೋ ಹಿಂದೆ ಉಳಿದಿತ್ತು.

ಕನಜಾವದಲ್ಲಿ ಮಧ್ಯಾಹ್ನ ಒಂದು ಗಂಟೆ. ಊರಲ್ಲಿ ಬೆಳಿಗ್ಗೆ ಒಂಬತ್ತೂವರೆ. ಕಾರಿಡಾರಿಗೆ ಬಂದು ರತ್ನಮ್ಮನ ನಂಬರು ಒತ್ತಿದೆ.

"ಹ್ಹೋ, ಜಪಾನ್ ಮೇಡಂ! ಹೆಂಗೈತ್ರಿ ಅಲ್ಲಿ? ಊಟಗೀಟ ಸಿಗುತ್ತಾ?" ಅವರ ದನಿಯಲ್ಲಿ ಎಂಥ ಸಂಭ್ರಮ! "ನೀವು ಬಂದು ಹೋದ್ಮೇಲೆ ನನ್ನ ಸೊಂಟ ಸರಿಹೋಗೈತೆ ನೋಡ್ರಿ. ಹೇಳ್ತಿರ್ತೀನಿ ಎಲ್ಲಾರ ಹತ್ರ. ಹಟ್ಟಿಯಾಗೆ ನಾಕು ಮನೆಯೋರು ಇದೇ ನೀರು ಒಯ್ತವ್ರೆ ಈಗ."

ನಾಲ್ಕು ಮನೆ. ಗೋಡೆಗೆ ಒರಗಿದೆ.

"ರತ್ನಮ್ಮ, ಆ ನೀರು ಕುಡಿಸಬೇಡಿ. ಇವತ್ತಿಂದ ಬೇಡ. ಅದರಾಗೆ ಫ್ಲೋರೈಡ್ ಐತೆ."

"ಏನಂದ್ರಿ?"

"ಫ್ಲೋರೈಡ್ ಐತೆ. ಜಾಸ್ತಿ ಐತೆ."

"ಮತ್ತೆ ಆವತ್ತು ಇಲ್ಲ ಅಂದ್ರಲ್ಲ?"

"ತಪ್ಪಾಯ್ತು. ನನ್ನ ಎಲೆ ಕೆಟ್ಟಿತ್ತು, ನಾನು ನೋಡ್ಕಳ್ಳಲಿಲ್ಲ. ನೋಡ್ಕಳ್ಳದೆ ಹೇಳಿಬಿಟ್ಟೆ."

ಬೈಯಲಿ, ಬೈದುಬಿಡಲಿ ಎಂದು ಕಾದೆ. ದೂರದಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು.

"ನಮ್ಮ ಪುಟ್ಟಿಗೆ ಹೊಸ ಹಲ್ಲು ಬರ್ತಾವೆ ಮೇಡಂ ಈಗ" ಎಂದರು ರತ್ನಮ್ಮ.

"ಎರಡು ತಿಂಗಳಿಗೆ ಏನೂ ಆಗಲ್ಲ..." ಎನ್ನಹೋಗಿ ನಾಲಿಗೆ ಕಚ್ಚಿಕೊಂಡೆ. ಆ ಮಾತನ್ನು ಇನ್ನೊಮ್ಮೆ ಆಡುವ ಬಾಯಿ ನನಗಿರಲಿಲ್ಲ. "ವರ್ಷಗಟ್ಟಲೆ ಕುಡಿದರೆ ತೊಂದರೆ ಅಂತ ಡಾಕ್ಟರುಗಳು ಹೇಳ್ತಾರೆ. ಬಂದ ಕೂಡಲೇ ಅವಳನ್ನ ಹಲ್ಲಿನ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಇರ್ರಿ. ಮಕ್ಕಳು ಬಂದವೆ. ಡ್ರಮ್ಮು ಬೋರಲು ಹಾಕಿ ಬರ್ತೀನಿ."

ಫೋನನ್ನು ಕಲ್ಲಿನ ಮೇಲೆ ಇಟ್ಟರೆಂದು ಕಾಣುತ್ತದೆ. ಚಪ್ಪಲಿಯ ಸದ್ದು ದೂರ ಹೋಯಿತು. ಏದುಸಿರು, ಡ್ರಮ್ಮು ನೆಲದ ಮೇಲೆ ಎಳೆದ ಸದ್ದು. ಆಮೇಲೆ ನೀರು ಚೆಲ್ಲಿತು. ಬಹಳ ಹೊತ್ತು ಚೆಲ್ಲುತ್ತಲೇ ಇತ್ತು. ಮೇಣ ಹಚ್ಚಿ ಒರೆಸಿದ ಕನಜಾವದ ಆ ಕಾರಿಡಾರಿನಲ್ಲಿ ಫೋನು ಕಿವಿಗೊತ್ತಿಕೊಂಡು ಕೇಳುತ್ತ ನಿಂತೆ. ಅವರು ಮತ್ತೆ ಫೋನು ಎತ್ತಿಕೊಳ್ಳಲಿಲ್ಲ.

ಒಳಗೆ ಬಂದಾಗ ಕಿತಾ ಸಾನ್ ನಲ್ಲಿಯಿಂದ ಒಂದು ಗ್ಲಾಸು ನೀರು ಹಿಡಿದು ನನ್ನ ಮೇಜಿನ ಮೇಲಿಟ್ಟಿದ್ದರು. ಆ ನೀರನ್ನು ನಾನು ಮುಟ್ಟಲಿಲ್ಲ.

ತಿರುಗಿ ಬಂದಮೇಲೆ

ಉಳಿದ ದಿನಗಳಲ್ಲಿ ಕೋಟೆ ತೋರಿಸಿದರು, ತೋಟ ತೋರಿಸಿದರು, ಚಿನ್ನದ ಎಲೆ ಹೊದಿಸಿದ ಐಸ್‌ಕ್ರೀಮನ್ನೂ ತಿನ್ನಿಸಿದರು. ಯಾವುದೂ ನೆಟ್ಟಗೆ ನೆನಪಿಲ್ಲ.

ದುರ್ಗಕ್ಕೆ ಬಂದ ದಿನವೇ ಅಬ್ಬಾನಿಗೆ ಎಲ್ಲ ಹೇಳಿದೆ. ಸುತ್ತಿಗೆ ಕೆಳಗಿಟ್ಟು ಕೇಳಿಸಿಕೊಂಡರು. "ನನ್ನ ದುಆನೇ ಅಡ್ಡ ಬಂತಾ?" ಎಂದರು. ಎಪ್ಪತ್ತು ದಾಟಿದ ಮನುಷ್ಯ ಮಗುವಿನಂತೆ ಮುಖ ಮಾಡಿಕೊಂಡಿದ್ದರು. ಅಲ್ಲ ಅಬ್ಬಾ, ಹೊಗೆ ಅಡ್ಡ ಬಂದಿದ್ದು, ದುಆ ಅಲ್ಲ, ಪರೀಕ್ಷೆ ಮಾಡದೆ ಮಾತಾಡಿದವಳು ನಾನು ಎಂದೆ. ಅವರು ಒಪ್ಪಿದರೋ ಇಲ್ಲವೋ. ಮಾರನೇ ದಿನ ನೋಡಿದರೆ ನನ್ನ ಎಲೆಗಳಿಗೆಂದು ಅಡುಗೆಮನೆಯ ಮೇಲಿನ ಗೂಡಿನಲ್ಲಿ ಬಿಗಿ ಮುಚ್ಚಳದ ಸ್ಟೀಲು ಡಬ್ಬಿ ಬಂದು ಕೂತಿತ್ತು. ಗುರುವಾರ ಸಂಜೆ ಲೋಬಾನ ಹಾಕಿದರು. ನನ್ನ ಹೆಸರಿನ ಎರಡು ಸುತ್ತನ್ನು ಅಂಗಳದಲ್ಲಿ ನಿಂತು ಆಕಾಶಕ್ಕೆ ಹಿಡಿದರು.

ಹಟ್ಟಿಗೆ ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ಬಸ್ಸು ಇಳಿದು ಬಿಸಿಲಲ್ಲಿ ನಡೆದೆ. ನಾಲ್ಕೂ ಮನೆಯ ಬಾಗಿಲಿಗೆ ಹೋಗಿ ತಪ್ಪು ಒಪ್ಪಿಕೊಂಡೆ. ಒಬ್ಬರು ಬೈದರು, ಇಬ್ಬರು ಸುಮ್ಮನೆ ಕೇಳಿದರು, ನಾಲ್ಕನೆಯವರು ಬಾಗಿಲು ತೆಗೆಯಲಿಲ್ಲ. ಆಮೇಲೆ ಶಾಲೆಗೆ ಹೋದೆ. ಬೋರ್‌ವೆಲ್ಲಿನ ನಲ್ಲಿಗೆ ಯಾರೋ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದರು. ಅಡುಗೆಮನೆಯ ಮುಂದೆ ನೀಲಿ ಮುಚ್ಚಳದ ಫಿಲ್ಟರ್ ಕ್ಯಾನುಗಳು ಸಾಲಾಗಿದ್ದವು.

ರತ್ನಮ್ಮ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಎದ್ದು ಬಂದರು. "ಬರ್ರಿ ಮೇಡಂ. ಬಿಸಿಲಾಗೆ ನಡಕಂಡು ಬಂದೀರಿ. ಕುಂತ್ಕಳ್ರಿ" ಎಂದರು.

ಕುಳಿತೆ. ಪುಟ್ಟಿ ಬಂದು ಅಜ್ಜಿಯ ಸೀರೆ ಹಿಡಿದು ನಿಂತಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ನಕ್ಕಳು. ಮುಂದಿನ ಎರಡು ಹಲ್ಲು ಅರ್ಧ ಮೂಡಿದ್ದವು, ಬೆಳ್ಳಗೆ. ಶನಿವಾರ ಹಲ್ಲಿನ ಡಾಕ್ಟರಿಗೆ ತೋರಿಸೋಣ ಎಂದೆ. ರತ್ನಮ್ಮ ಹೂಂ ಎಂದರು.

ಬಿಸಿಲಿಗೆ ನನ್ನ ಬಾಯಿ ಒಣಗಿತ್ತು. ರತ್ನಮ್ಮ ಅದನ್ನು ನೋಡಿದರು. ಒಂದು ಕ್ಯಾನು ಬಗ್ಗಿಸಿ ಸ್ಟೀಲು ಲೋಟ ತುಂಬಿಸಿ, ನನ್ನ ಕೈಗೆ ಕೊಟ್ಟರು. ನಾನು ಲೋಟ ಹಿಡಿದು ಹಾಗೇ ಕೂತಿದ್ದೆ.

"ಬೆಳಿಗ್ಗೆ ನಾನೇ ಹೊತ್ತು ತಂದಿದ್ದು" ಎಂದರು ರತ್ನಮ್ಮ. "ಕುಡೀರಿ ಮೇಡಂ, ಏನೂ ಆಗಲ್ಲ."